ಎಳೆಯ ಮಕ್ಕಳ ಬೆಳವಣಿಗೆ ಮತ್ತು ದೈಹಿಕ ಕ್ಷಮತೆಯ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಗುವನ್ನು ತೂಗಿ ತಾಯಿ ಕಾರ್ಡಿನಲ್ಲಿ ಒಂದು ಚುಕ್ಕೆ ಇಡುತ್ತಾರೆ. ಶಾಲೆಗೆ ಸೇರಿದ ಮೇಲೆ ಅದೇ ಮಗುವನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಿ, ಎಷ್ಟು ಬಾರಿ ಸಮತೋಲ ತಪ್ಪಿತೆಂದು ಎಣಿಸುತ್ತಾರೆ. ಆ ಚುಕ್ಕೆಗೂ ಈ ಎಣಿಕೆಗೂ ಅರ್ಥ ಹುಟ್ಟುವುದು ಇತರ ಮಕ್ಕಳ ಅಳತೆಗಳೊಂದಿಗೆ ಹೋಲಿಸಿದಾಗ ಮಾತ್ರ. ಆ ಹೋಲಿಕೆಯ ಲೆಕ್ಕಾಚಾರದ ಬಗ್ಗೆ ತಂದೆತಾಯಿಯರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಶಿಕ್ಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಬೆಳವಣಿಗೆಯ ನಕ್ಷೆಯಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಿವೆ. ಇವುಗಳ ಗಡಿಯನ್ನು ಯಾರು, ಹೇಗೆ ಗೊತ್ತುಪಡಿಸಿದರು?

ಈ ಗಡಿಗಳ ಮೂಲ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡಗಳು. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮನ್ ಮತ್ತು ಅಮೆರಿಕ ಎಂಬ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆದು ಇವುಗಳನ್ನು ಸಿದ್ಧಪಡಿಸಲಾಯಿತು. ಭಾರತದ ಮಕ್ಕಳನ್ನು ದಕ್ಷಿಣ ದೆಹಲಿಯಿಂದ ಆರಿಸಿಕೊಳ್ಳಲಾಗಿತ್ತು. ಎದೆಹಾಲು ಕುಡಿದು ಬೆಳೆಯುತ್ತಿದ್ದ, ತಾಯಿ ಧೂಮಪಾನ ಮಾಡದ, ಬೆಳವಣಿಗೆಗೆ ಬಡತನ ಅಡ್ಡಿಯಾಗದ ಮನೆಗಳ ಮಕ್ಕಳೇ ಬೇಕೆಂಬುದು ಆಯ್ಕೆಯ ಷರತ್ತಾಗಿತ್ತು. ಹಾಗಾಗಿ ಈ ನಕ್ಷೆ ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆ ಎಂಬುದಕ್ಕಿಂತ, ಅನುಕೂಲವಿದ್ದರೆ ಹೇಗೆ ಬೆಳೆಯಬಲ್ಲರು ಎಂಬುದನ್ನು ಹೇಳುತ್ತದೆ.

ಪ್ರತಿ ತಿಂಗಳ ವಯಸ್ಸಿಗೂ, ಹೆಣ್ಣು ಗಂಡು ಮಕ್ಕಳಿಗೆ ಪ್ರತ್ಯೇಕವಾಗಿ, ಒಂದು ಮಧ್ಯಾಂಕ (ಅರ್ಧ ಮಕ್ಕಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ) ಮತ್ತು ಅದರ ಎರಡೂ ಬದಿಗೆ ಮಾನಕ ವಿಚಲನೆಯ, ಅಂದರೆ ಅಳತೆಗಳು ಸಾಮಾನ್ಯವಾಗಿ ಎಷ್ಟು ಹರಡಿರುತ್ತವೆ ಎಂಬುದರ, ಮೆಟ್ಟಿಲುಗಳು ಇವೆ. ಮಧ್ಯಾಂಕದಿಂದ ಮಗು ಎಷ್ಟು ಮೆಟ್ಟಿಲು ಮೇಲೆ ಅಥವಾ ಕೆಳಗೆ ಇದೆ ಎಂಬ ಸಂಖ್ಯೆಯೇ ಝಡ್ ಸ್ಕೋರ್. ವಯಸ್ಸಿಗೆ ತಕ್ಕ ತೂಕದ ನಕ್ಷೆಯಲ್ಲಿ ಎರಡು ಮೆಟ್ಟಿಲು ಕೆಳಗಿನವರೆಗೆ ಹಸಿರು, ಎರಡರಿಂದ ಮೂರರ ನಡುವೆ ಹಳದಿ, ಮೂರಕ್ಕಿಂತ ಕೆಳಗೆ ಕಿತ್ತಳೆ. ಚೆನ್ನಾಗಿ ಬೆಳೆದ ಮಕ್ಕಳ ಗುಂಪಿನಲ್ಲಿಯೂ 100ಕ್ಕೆ ಎರಡಕ್ಕಿಂತ ತುಸು ಹೆಚ್ಚು ಮಕ್ಕಳು, ಅಂದರೆ ಶೇ. 2.3ರಷ್ಟು, ಹಸಿರಿನ ಕೆಳಗೆ ಬರುತ್ತಾರೆ. ಮೂರು ಮೆಟ್ಟಿಲಿಗಿಂತ ಕೆಳಗೆ ಬರುವವರು 1,000ಕ್ಕೆ ಒಬ್ಬರು ಅಥವಾ ಇಬ್ಬರು. ಹೀಗಾಗಿ ಹಳದಿ ಬಣ್ಣ ಬಂದರೆ ಮಗುವನ್ನು ಗಮನಿಸಬೇಕು, ಕಿತ್ತಳೆ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕಡಿಮೆ ತೂಕ, ಕುಂಠಿತ ಬೆಳವಣಿಗೆ, ಕೃಶತೆ: ಇವು ಮೂರೂ ಒಂದೇ ಅಲ್ಲವೇ?

ಅಲ್ಲ. ಗೊಂದಲ ಹೆಚ್ಚು ಹುಟ್ಟುವುದು ಇಲ್ಲಿಯೇ ಆದ್ದರಿಂದ ಒಂದು ಲೆಕ್ಕ ಮಾಡಿ ನೋಡೋಣ. ಮೂರು ವರ್ಷ ತುಂಬಿದ ಗಂಡು ಮಗುವೊಂದು 88 ಸೆಂ.ಮೀ. ಎತ್ತರ, 12 ಕೆ.ಜಿ. ತೂಕ ಇದೆಯೆಂದು ಇಟ್ಟುಕೊಳ್ಳಿ. ಆ ವಯಸ್ಸಿಗೆ ಎತ್ತರದ ಮಧ್ಯಾಂಕ 96.1 ಸೆಂ.ಮೀ., ಮಾನಕ ವಿಚಲನೆ ಸುಮಾರು 3.7 ಸೆಂ.ಮೀ. ಮಗುವಿನ ಎತ್ತರ ಮಧ್ಯಾಂಕಕ್ಕಿಂತ 8.1 ಸೆಂ.ಮೀ. ಕಡಿಮೆ, ಅದನ್ನು 3.7ರಿಂದ ಭಾಗಿಸಿದರೆ ಝಡ್ ಸ್ಕೋರ್ ಋಣ 2.2 ಆಗುತ್ತದೆ. ಎರಡರ ಗೆರೆಯನ್ನು ದಾಟಿರುವುದರಿಂದ ಇದು ಕುಂಠಿತ ಬೆಳವಣಿಗೆ. ತೂಕದ ಮಧ್ಯಾಂಕ 14.3 ಕೆ.ಜಿ. ಆದರೂ ಹಳದಿ ಪಟ್ಟಿ ಆರಂಭವಾಗುವುದು 11.3 ಕೆ.ಜಿ.ಗಿಂತ ಕೆಳಗೆ, ಆದ್ದರಿಂದ 12 ಕೆ.ಜಿ. ಹಸಿರಿನಲ್ಲಿಯೇ ಇದೆ, ಅಂದರೆ ಕಡಿಮೆ ತೂಕವಲ್ಲ. 88 ಸೆಂ.ಮೀ. ಎತ್ತರದ ಮಕ್ಕಳಿಗೆ ಎಷ್ಟು ತೂಕವಿರಬೇಕೆಂದು ನೋಡಿದರೆ 12 ಕೆ.ಜಿ. ಹೆಚ್ಚುಕಡಿಮೆ ನಡುಮಧ್ಯದಲ್ಲಿ ಬರುತ್ತದೆ, ಆದ್ದರಿಂದ ಕೃಶತೆ, ಅಂದರೆ ಎತ್ತರಕ್ಕೆ ತಕ್ಕ ತೂಕವಿಲ್ಲದಿರುವುದು, ಇಲ್ಲ.

ಒಂದೇ ಮಗುವಿಗೆ ಮೂರು ಬೇರೆ ಬೇರೆ ಉತ್ತರಗಳು ಬಂದವು. ಬಹುಕಾಲದ ಕೊರತೆ, ಮರುಕಳಿಸುವ ಭೇದಿ, ಗರ್ಭದಲ್ಲಿರುವಾಗಿನ ಪೋಷಣೆ ಇವುಗಳ ಗುರುತು ಎತ್ತರದಲ್ಲಿ ಉಳಿಯುತ್ತದೆ. ಇತ್ತೀಚಿನ ಹಸಿವು ಅಥವಾ ಕಾಯಿಲೆ ಎತ್ತರಕ್ಕೆ ತಕ್ಕ ತೂಕದಲ್ಲಿ ಕಾಣುತ್ತದೆ. ವಯಸ್ಸಿಗೆ ತಕ್ಕ ತೂಕ ಎರಡನ್ನೂ ಬೆರೆಸುವುದರಿಂದ, ಮೇಲಿನ ಮಗುವಿನಂತೆ ಗಿಡ್ಡವಾದರೂ ತೆಳ್ಳಗಿಲ್ಲದ ಮಕ್ಕಳು ಹಸಿರಿನಲ್ಲಿ ಅಡಗಿಬಿಡುತ್ತಾರೆ. ತೂಕದ ಯಂತ್ರವೊಂದನ್ನೇ ನಂಬಿಕೊಂಡು ಎತ್ತರವನ್ನು ಅಳೆಯದೇ ಬಿಟ್ಟ ಹಳೆಯ ಪದ್ಧತಿಯ ದೊಡ್ಡ ಕೊರತೆ ಇದೇ ಆಗಿತ್ತು.

ನಾವೇ ಕುಳ್ಳಗಿದ್ದೇವೆ. ನಮ್ಮ ಮಗುವನ್ನು ನಾರ್ವೆಯ ಮಗುವಿನೊಂದಿಗೆ ಹೋಲಿಸುವುದು ನ್ಯಾಯವೇ?

ಈ ಆಕ್ಷೇಪವನ್ನು ಮನೆಗಳಲ್ಲಷ್ಟೇ ಅಲ್ಲ, ಅರ್ಥಶಾಸ್ತ್ರಜ್ಞರ ನಡುವೆಯೂ ಗಂಭೀರವಾಗಿ ಎತ್ತಲಾಗಿದೆ. ಆದರೆ ಆರು ದೇಶಗಳ ಅಧ್ಯಯನದಲ್ಲಿ ಮಕ್ಕಳ ಉದ್ದದಲ್ಲಿ ಕಂಡ ಒಟ್ಟು ವ್ಯತ್ಯಾಸದಲ್ಲಿ ದೇಶ ದೇಶಗಳ ನಡುವಿನ ಪಾಲು ಸುಮಾರು ಶೇ. 3 ಮಾತ್ರ, ಬಹುಪಾಲು ವ್ಯತ್ಯಾಸ ಒಂದೇ ಊರಿನ ಮಗುವಿಗೂ ಮಗುವಿಗೂ ನಡುವಿನದು. ಹಾಗಾಗಿ ಐದು ವರ್ಷದೊಳಗೆ ಲಕ್ಷಾಂತರ ಮಕ್ಕಳ ಸರಾಸರಿ ಕೆಳಗಿದ್ದರೆ ಅದಕ್ಕೆ ಮೈಕಟ್ಟನ್ನು ದೂರುವುದು ಕಷ್ಟ. ಒಂದು ಮನೆಯ ಮಟ್ಟಿಗೆ ಮಾತು ಬೇರೆ: ತಂದೆತಾಯಿ ಇಬ್ಬರೂ ಕುಳ್ಳಗಿದ್ದು, ಮಗು ಮೊದಲಿನಿಂದ ಒಂದೇ ಗೆರೆಗೆ ಸಮಾನಾಂತರವಾಗಿ ಏರುತ್ತಾ, ಲವಲವಿಕೆಯಿಂದ ಇದ್ದರೆ, ಗೆರೆಯ ಬಳಿಯ ಝಡ್ ಸ್ಕೋರ್ ಒಂದರಿಂದಲೇ ಅದನ್ನು ಅಪೌಷ್ಟಿಕ ಎನ್ನಲಾಗದು. ಆದರೆ ಆ ತಂದೆತಾಯಿಯರೇ ತಮ್ಮ ಬಾಲ್ಯದಲ್ಲಿ ಕೊರತೆಯಿಂದ ಕುಳ್ಳಗಾದವರಿರಬಹುದು ಎಂಬುದನ್ನೂ ಮರೆಯಬಾರದು.

ಕಳೆದ ತಿಂಗಳು ಕುಂಠಿತ ಎಂದರು, ಈ ತಿಂಗಳು ಸರಿಯಾಗಿದೆ ಎನ್ನುತ್ತಾರೆ. ಯಾವುದನ್ನು ನಂಬಬೇಕು?

ಮೇಲಿನ ಮಗುವನ್ನೇ ಮತ್ತೊಮ್ಮೆ ನೋಡಿ. ಅದರ ಎತ್ತರ 88ರ ಬದಲು 89 ಸೆಂ.ಮೀ. ಎಂದು ಬರೆದಿದ್ದರೆ ಝಡ್ ಸ್ಕೋರ್ ಋಣ 1.9 ಆಗಿ, ಮಗು ಗೆರೆಯಿಂದ ಮೇಲೆ ಬರುತ್ತಿತ್ತು. ಮೊಣಕಾಲು ಸ್ವಲ್ಪ ಮಡಿಚಿದ್ದರೂ, ಹಿಮ್ಮಡಿ ಹಲಗೆಗೆ ತಾಗದಿದ್ದರೂ, ತಲೆಗೆ ಜುಟ್ಟು ಕಟ್ಟಿದ್ದರೂ ಒಂದು ಸೆಂ.ಮೀ. ತಪ್ಪುವುದು ದೊಡ್ಡ ಸಂಗತಿಯಲ್ಲ. ವಯಸ್ಸಿನ ತಪ್ಪೂ ಅಷ್ಟೇ ಪರಿಣಾಮ ಬೀರುತ್ತದೆ: ಮಗುವಿಗೆ ನಿಜವಾಗಿ 34 ತಿಂಗಳಾಗಿದ್ದು, ಮೂರು ವರ್ಷ ಎಂದು ದುಂಡಗೆ ಬರೆದುಬಿಟ್ಟಿದ್ದರೆ, 88 ಸೆಂ.ಮೀ. ಎತ್ತರವೂ ಕುಂಠಿತದ ಪಟ್ಟಿಗೆ ಸೇರಬೇಕಾಗಿರಲಿಲ್ಲ. ಜನನ ಪ್ರಮಾಣಪತ್ರದ ದಿನಾಂಕವನ್ನೇ ನೋಡಿ ವಯಸ್ಸನ್ನು ತಿಂಗಳುಗಳಲ್ಲಿ ಬರೆಯಬೇಕೆಂದು ಒತ್ತಾಯಿಸುವುದು ಇದಕ್ಕಾಗಿ.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದವನ್ನೂ, ಎರಡು ವರ್ಷ ತುಂಬಿದವರನ್ನು ನಿಲ್ಲಿಸಿ ಎತ್ತರವನ್ನೂ ಅಳೆಯಬೇಕು. ಮಲಗಿದಾಗಿನ ಅಳತೆ ನಿಂತಾಗಿನದಕ್ಕಿಂತ ಸರಾಸರಿ 0.7 ಸೆಂ.ಮೀ. ಹೆಚ್ಚಿರುತ್ತದೆ. ಅಳುವ ಮಗುವನ್ನು ಬೇರೆ ರೀತಿಯಲ್ಲಿ ಅಳೆಯಬೇಕಾಗಿ ಬಂದರೆ ಅಷ್ಟನ್ನು ಕೂಡಿಸಿ ಅಥವಾ ಕಳೆದು ಬರೆಯಬೇಕು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಎರಡು ವರ್ಷದವರೆಗೆ ಆ ಮುಂಚಿನ ವಾರಗಳನ್ನು ವಯಸ್ಸಿನಿಂದ ಕಳೆಯುವುದು ರೂಢಿ.

ಆದ್ದರಿಂದ ಒಂದು ತಿಂಗಳ ಒಂದು ಚುಕ್ಕೆಯನ್ನು ತೀರ್ಪೆಂದು ತಿಳಿಯಬೇಡಿ. ನೋಡಬೇಕಾದದ್ದು ಚುಕ್ಕೆಗಳನ್ನು ಜೋಡಿಸಿದ ಗೆರೆಯ ದಿಕ್ಕು. ಹಸಿರಿನಲ್ಲಿದ್ದರೂ ಎರಡು ಮೂರು ತಿಂಗಳಿಂದ ಗೆರೆ ಚಪ್ಪಟೆಯಾಗಿದ್ದರೆ, ಹಳದಿಯಲ್ಲಿದ್ದು ನಿಧಾನವಾಗಿ ಮೇಲೇರುತ್ತಿರುವ ಮಗುವಿಗಿಂತ ಆ ಮಗುವಿನ ಬಗ್ಗೆಯೇ ಹೆಚ್ಚು ಕಾಳಜಿ ವಹಿಸಬೇಕು.

ಅಳತೆಯ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗಿ, ಒಟ್ಟು ಲೆಕ್ಕದಲ್ಲಿ ಸರಿಹೋಗುವುದಿಲ್ಲವೇ?

ಸರಾಸರಿಯಲ್ಲಿ ಸರಿಹೋಗುತ್ತದೆ, ಶೇಕಡಾವಾರಿನಲ್ಲಿ ಸರಿಹೋಗುವುದಿಲ್ಲ. ಈ ಸೂಕ್ಷ್ಮವನ್ನು ಅನೇಕ ವರದಿಗಳು ಗಮನಿಸುವುದಿಲ್ಲ. ಒಂದು ತಾಲ್ಲೂಕಿನ ಮಕ್ಕಳ ಸರಾಸರಿ ಝಡ್ ಸ್ಕೋರ್ ಋಣ 1, ಹರಡಿಕೆ (ಮಾನಕ ವಿಚಲನೆ) 1 ಎಂದಿದ್ದರೆ, ಋಣ 2ಕ್ಕಿಂತ ಕೆಳಗೆ ಸುಮಾರು ಶೇ. 16 ಮಕ್ಕಳು ಬರುತ್ತಾರೆ. ಅದೇ ಮಕ್ಕಳನ್ನು ಅಜಾಗರೂಕತೆಯಿಂದ ಅಳೆದು ಹರಡಿಕೆ 1.3ಕ್ಕೆ ಏರಿದರೆ, ಸರಾಸರಿ ಒಂದಿಷ್ಟೂ ಬದಲಾಗದೆ ಆ ಪ್ರಮಾಣ ಶೇ. 22 ಆಗುತ್ತದೆ. ಒಂದು ಮಗುವಿನ ಆರೋಗ್ಯವೂ ಕೆಡದೆ ಅಪೌಷ್ಟಿಕತೆ ಆರು ಅಂಶ ಏರಿದಂತೆ ಕಾಣುತ್ತದೆ.

ಇದನ್ನು ತಡೆಯಲು ಕೆಲವು ಸರಳ ಪರೀಕ್ಷೆಗಳಿವೆ. ಆರು ದೇಶಗಳ ಅಧ್ಯಯನದಲ್ಲಿ ಇಬ್ಬರು ಪ್ರತ್ಯೇಕವಾಗಿ ಅಳೆಯುತ್ತಿದ್ದರು. ತೂಕದಲ್ಲಿ 100 ಗ್ರಾಂ, ಉದ್ದದಲ್ಲಿ 7 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರೂ ಮತ್ತೆ ಅಳೆಯಬೇಕಿತ್ತು. ದಾಖಲೆಯಲ್ಲಿರುವ ಅಂಕೆಗಳ ಕೊನೆಯ ಸ್ಥಾನವನ್ನು ಎಣಿಸುವುದು ಇನ್ನೊಂದು ಉಪಾಯ. ನಿಜವಾಗಿ ಅಳೆದಿದ್ದರೆ 0ಯಿಂದ 9ರವರೆಗಿನ ಅಂಕೆಗಳು ಹೆಚ್ಚುಕಡಿಮೆ ಸಮನಾಗಿ ಬರಬೇಕು. 0 ಮತ್ತು 5 ಮಾತ್ರ ತುಂಬಿದ್ದರೆ ಅಳತೆಗಿಂತ ಅಂದಾಜು ಹೆಚ್ಚು ನಡೆದಿದೆ ಎಂದರ್ಥ. ಕಾರ್ಯಕರ್ತೆಯರನ್ನು ದೂರುವ ಮೊದಲು, ಅವರ ಕೈಗೆ ಕೊಟ್ಟ ಯಂತ್ರ ಸರಿಯಿದೆಯೇ, ಅಳೆಯುವಾಗ ಮಗುವನ್ನು ಹಿಡಿಯಲು ಇನ್ನೊಬ್ಬರಿದ್ದರೇ ಎಂದೂ ಕೇಳಬೇಕು.

ತೋಳಿನ ಸುತ್ತಳತೆಯ ಪಟ್ಟಿ ಏಕೆ?

6ರಿಂದ 59 ತಿಂಗಳ ಮಕ್ಕಳಲ್ಲಿ ಎಡ ತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರ ನಡುವೆ ಇದ್ದರೆ ಸಾಧಾರಣ ಅಪೌಷ್ಟಿಕತೆ. ಯಂತ್ರ ಬೇಡ, ವಯಸ್ಸಿನ ಲೆಕ್ಕ ಬೇಡ, ಮನೆಬಾಗಿಲಲ್ಲೇ ಅಳೆಯಬಹುದು. ಆದರೆ ಈ ಪಟ್ಟಿಯೂ ಎತ್ತರಕ್ಕೆ ತಕ್ಕ ತೂಕವೂ ಯಾವಾಗಲೂ ಒಂದೇ ಮಕ್ಕಳನ್ನು ಗುರುತಿಸುವುದಿಲ್ಲ. ಪಟ್ಟಿಗೆ ಹೆಚ್ಚು ಸಿಗುವವರು ಎಳೆಯ ಮಕ್ಕಳು. ಹಾಗಾಗಿ ಎರಡರಲ್ಲಿ ಯಾವುದು ತೀವ್ರವೆಂದು ತೋರಿಸಿದರೂ ಮಗುವಿಗೆ ಚಿಕಿತ್ಸೆ ಬೇಕು. ಎರಡೂ ಪಾದಗಳಲ್ಲಿ ಒತ್ತಿದರೆ ಗುಳಿ ಬೀಳುವ ಊತವಿದ್ದರೆ ಯಾವ ಅಂಕೆಗೂ ಕಾಯಬಾರದು.

ಐದು ವರ್ಷದ ಮಗಳ ಬಿ.ಎಂ.ಐ. 15 ಬಂದಿದೆ. 18.5ಕ್ಕಿಂತ ಕಡಿಮೆಯಾದರೆ ಅಪೌಷ್ಟಿಕತೆ ಎಂದು ಓದಿದ್ದೆವು.

18.5 ವಯಸ್ಕರ ಗಡಿ. ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ. ಐದು ವರ್ಷದ ಹೆಣ್ಣು ಮಗುವಿನ ಮಧ್ಯಾಂಕ ತೂಕ 18.2 ಕೆ.ಜಿ., ಎತ್ತರ 109.4 ಸೆಂ.ಮೀ. ಕೆ.ಜಿ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವುದೇ ಬಿ.ಎಂ.ಐ.; ಇಲ್ಲಿ ಅದು ಸುಮಾರು 15.2 ಬರುತ್ತದೆ. ನಿಮ್ಮ ಮಗಳು ಸರಿಯಾಗಿಯೇ ಇದ್ದಾಳೆ. ಮೊದಲ ವರ್ಷದಲ್ಲಿ ಏರುವ ಬಿ.ಎಂ.ಐ. ಆಮೇಲೆ ಇಳಿಯುತ್ತಾ ಬಂದು, ಸುಮಾರು ಐದಾರು ವರ್ಷಕ್ಕೆ ಅತಿ ಕೆಳಗಿನ ಮಟ್ಟ ತಲುಪಿ, ಮತ್ತೆ ಏರುತ್ತದೆ. ಕೈಮಗು ಗುಂಡುಗುಂಡಾಗಿದ್ದದ್ದು ಶಾಲೆಗೆ ಹೋಗುವಾಗ ಸೊರಗಿತು ಎಂದು ಅಜ್ಜಿಯರು ನೊಂದುಕೊಳ್ಳುವುದರ ಹಿಂದೆ ಬಹುತೇಕ ಈ ಸಹಜ ಇಳಿಕೆಯೇ ಇರುತ್ತದೆ. ಈ ಏರಿಕೆ ತೀರಾ ಬೇಗ ಶುರುವಾದರೆ ಮುಂದೆ ಬೊಜ್ಜಿನ ಸಾಧ್ಯತೆ ಹೆಚ್ಚು.

ಮಗುವಿಗೆ 14 ತಿಂಗಳಾದರೂ ನಡೆಯುತ್ತಿಲ್ಲ. ಇದು ತಡವೇ?

ಆರು ದೇಶಗಳ ಅದೇ ಅಧ್ಯಯನದಲ್ಲಿ ಬ್ರೆಜಿಲ್ ಬಿಟ್ಟು ಉಳಿದ ಐದು ಕಡೆ ಮಕ್ಕಳ ಚಲನೆಯ ಹಂತಗಳನ್ನೂ ದಾಖಲಿಸಲಾಯಿತು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ಸ್ವತಂತ್ರವಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ ಕಂಡುಬಂತು. ಇವು 1ನೇ ಮತ್ತು 99ನೇ ಪರ್ಸೆಂಟೈಲ್‌ಗಳು. ಅಂದರೆ ಆರೋಗ್ಯವಂತ ಮಕ್ಕಳಲ್ಲಿ ನೂರಕ್ಕೆ 98 ಮಂದಿ ಈ ಅವಧಿಯೊಳಗೆ ನಡೆದರು. ಆದ್ದರಿಂದ 14 ತಿಂಗಳು ತಡವಲ್ಲ. ಅಂಬೆಗಾಲಿಡದೆಯೇ ನಡೆದ ಮಕ್ಕಳೂ ಶೇ. 4ಕ್ಕಿಂತ ತುಸು ಹೆಚ್ಚಿದ್ದರು. 18 ತಿಂಗಳಿಗೂ ನಡೆಯದಿದ್ದರೆ, ಅಥವಾ ಕಲಿತದ್ದನ್ನು ಮಗು ಮರೆಯುತ್ತಿದ್ದರೆ, ಮಕ್ಕಳ ವೈದ್ಯರನ್ನು ಕಾಣಬೇಕು.

ಅಂಗನವಾಡಿ ವಯಸ್ಸಿನ ಮಕ್ಕಳ ದೈಹಿಕ ಕ್ಷಮತೆಯನ್ನು ಪರೀಕ್ಷಿಸಲು ಸಾಧ್ಯವೇ?

ಸಾಧ್ಯ, ಆದರೆ ಫಲಿತಾಂಶವನ್ನು ಬಹಳ ಎಚ್ಚರಿಕೆಯಿಂದ ಓದಬೇಕು. ಸ್ಪೇನಿನ ಗ್ರನಾಡಾ ವಿಶ್ವವಿದ್ಯಾಲಯದ ಸಂಶೋಧಕರು 3ರಿಂದ 5 ವರ್ಷದವರಿಗಾಗಿ ಪ್ರೆಫಿಟ್ ಎಂಬ ಪರೀಕ್ಷಾ ಸರಣಿಯನ್ನು ರೂಪಿಸಿದ್ದಾರೆ. ಕೈಹಿಡಿತದ ಬಲ, ನಿಂತಲ್ಲಿಂದ ಉದ್ದ ಜಿಗಿತ, 10 ಮೀಟರಿನ ನಾಲ್ಕು ಓಟ, ಒಂಟಿ ಕಾಲಿನ ನಿಲುವು, 20 ಮೀಟರಿನ ಹೋಗಿಬರುವ ಓಟ ಅದರಲ್ಲಿವೆ. ಕೊನೆಯ ಓಟದ ಆರಂಭದ ವೇಗವನ್ನು ಅವರು ಗಂಟೆಗೆ 6.5 ಕಿ.ಮೀ.ಗೆ ಇಳಿಸಿದರು, ಮತ್ತು ಪರೀಕ್ಷಕರು ಮಕ್ಕಳ ಜೊತೆಯಲ್ಲೇ ಓಡುವಂತೆ ಮಾಡಿದರು. ಏಕೆಂದರೆ ಎಲ್ಲಿ ತಿರುಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಮೂರು ವರ್ಷದ ಮಗು ಸೂಚನೆ ಕೇಳಿ ನೆನಪಿಡುವುದಿಲ್ಲ. ಬಿಟ್ಟರೆ ಅದು ಚಿಟ್ಟೆಯ ಹಿಂದೆ ಓಡುತ್ತದೆ. ಆಗ ಅಳೆದದ್ದು ಉಸಿರಿನ ಶಕ್ತಿಯನ್ನೋ, ಸೂಚನೆ ಪಾಲಿಸುವ ಸಾಮರ್ಥ್ಯವನ್ನೋ ಎಂಬ ಪ್ರಶ್ನೆ ಉಳಿಯುತ್ತದೆ.

ಅದಕ್ಕಾಗಿಯೇ ಕೆಲವು ದಿನಗಳ ಅಂತರದಲ್ಲಿ ಪರೀಕ್ಷೆಯನ್ನು ಮರುಕಳಿಸಿ, ಎರಡೂ ಸಲ ಮಕ್ಕಳ ಸ್ಥಾನಗಳು ಎಷ್ಟು ಹೊಂದುತ್ತವೆ ಎಂದು ಮೊದಲು ನೋಡಬೇಕು. ಹೊಂದದಿದ್ದರೆ ಆ ಅಂಕಗಳನ್ನು ಯಾರೊಂದಿಗೂ ಹೋಲಿಸಬಾರದು. ಈ ವಯಸ್ಸಿನಲ್ಲಿ ಆರು ತಿಂಗಳು ಬಹುದೊಡ್ಡ ಅಂತರ. ಆದ್ದರಿಂದ ಇಡೀ ವರ್ಷದ ಗುಂಪಿಗೆ ಒಂದೇ ಪಟ್ಟಿ ಮಾಡಿದರೆ ವರ್ಷದ ಕೊನೆಯಲ್ಲಿ ಹುಟ್ಟಿದ ಮಕ್ಕಳು ಸುಮ್ಮನೆ ದುರ್ಬಲರೆನಿಸಿಕೊಳ್ಳುತ್ತಾರೆ.

ಶಾಲೆಯಲ್ಲಿ ಫ್ಲೆಮಿಂಗೊ ಪರೀಕ್ಷೆ, ತಟ್ಟೆ ತಟ್ಟುವ ಪರೀಕ್ಷೆ ಮಾಡಿದರಂತೆ. ಅಂಕಗಳನ್ನು ಹೇಗೆ ಓದಬೇಕು?

ಕೇಂದ್ರ ಸರ್ಕಾರದ ಕ್ರೀಡಾ ಯೋಜನೆಯಾದ ಖೇಲೋ ಇಂಡಿಯಾದ ಮೌಲ್ಯಮಾಪನದಲ್ಲಿ 5ರಿಂದ 8 ವರ್ಷದ ಮಕ್ಕಳಿಗೆ ಇರುವುದು ಮೂರೇ ಅಂಶಗಳು: ಬಿ.ಎಂ.ಐ., ಒಂಟಿ ಕಾಲಿನ ಸಮತೋಲ (ಇದೇ ಫ್ಲೆಮಿಂಗೊ ಪರೀಕ್ಷೆ) ಮತ್ತು ತಟ್ಟೆ ತಟ್ಟುವುದು. 600 ಮೀಟರ್ ಓಟ, 50 ಮೀಟರ್ ಓಟ ಮುಂತಾದವು ದೊಡ್ಡವರಿಗೆ. ಸಮತೋಲದ ಪರೀಕ್ಷೆಯಲ್ಲಿ 60 ಸೆಕೆಂಡು ನಿಲ್ಲುವಷ್ಟರಲ್ಲಿ ಎಷ್ಟು ಬಾರಿ ತಪ್ಪಿದರೆಂದು ಎಣಿಸುತ್ತಾರೆ. ತಟ್ಟೆ ಪರೀಕ್ಷೆಯಲ್ಲಿ ಎರಡು ವೃತ್ತಗಳನ್ನು ಒಂದೇ ಕೈಯಿಂದ ಅತ್ತ ಇತ್ತ 25 ಸುತ್ತು ತಟ್ಟಲು ಹಿಡಿದ ಸಮಯವನ್ನು ದಾಖಲಿಸುತ್ತಾರೆ. ಎರಡರಲ್ಲೂ ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು. ಜಿಗಿತದಂಥ ಅಳತೆಗಳೊಂದಿಗೆ ಇವನ್ನು ಕೂಡಿಸಿ ಒಟ್ಟು ಅಂಕ ಮಾಡುವವರು ಝಡ್ ಸ್ಕೋರಿನ ಚಿಹ್ನೆಯನ್ನು ತಿರುಗಿಸಲು ಮರೆತರೆ, ಚುರುಕಾದ ಮಗುವೇ ಕೊನೆಯ ಸ್ಥಾನಕ್ಕೆ ಹೋಗುತ್ತದೆ. ಇನ್ನು ಕುಂಟೆಬಿಲ್ಲೆ ಆಡಿ ಬೆಳೆದ ಮಗುವಿಗೆ ಒಂಟಿ ಕಾಲಿನಲ್ಲಿ ನಿಲ್ಲುವುದು ಪರೀಕ್ಷೆಯೇ ಅಲ್ಲ. ಅಂಗಳವಿಲ್ಲದ ಮನೆಯ ಮಗುವಿಗೆ ಅದು ಹೊಸ ವಿದ್ಯೆ. ಒಂದೆರಡು ಬಾರಿ ಅಭ್ಯಾಸ ಮಾಡಿಸಿ ಆಮೇಲೆ ಎಣಿಸಿದರೆ ಈ ಅನ್ಯಾಯ ಸ್ವಲ್ಪ ಕಡಿಮೆಯಾಗುತ್ತದೆ.

ನಮ್ಮ ಅಂಗನವಾಡಿಯಲ್ಲಿ ಶೇ. 20 ಮಕ್ಕಳು ಕಡಿಮೆ ತೂಕ, ಪಕ್ಕದ ಊರಿನಲ್ಲಿ ಶೇ. 12. ನಾವು ಹಿಂದೆ ಬಿದ್ದಿದ್ದೇವೆಯೇ?

25 ಮಕ್ಕಳಲ್ಲಿ ಐದು ಮಂದಿ ಎಂದರೆ ಶೇ. 20, ಮೂರು ಮಂದಿ ಎಂದರೆ ಶೇ. 12. ಅಂತರ ಇಬ್ಬರು ಮಕ್ಕಳದ್ದು. 25ರಲ್ಲಿ ಐದು ಎಂಬ ಎಣಿಕೆಯ ಹಿಂದಿರುವ ನಿಜವಾದ ಪ್ರಮಾಣ ಶೇ. 9ರಿಂದ 39ರವರೆಗೆ ಎಲ್ಲಿ ಬೇಕಾದರೂ ಇರಬಹುದೆಂದು ಶೇ. 95 ವಿಶ್ವಾಸದ ಲೆಕ್ಕ ಹೇಳುತ್ತದೆ. ಇಷ್ಟು ಚಿಕ್ಕ ಸಂಖ್ಯೆಗಳಿಂದ ಕೇಂದ್ರಗಳಿಗೆ ಶ್ರೇಯಾಂಕ ಕೊಡುವುದು ಅರ್ಥಹೀನ, ಮೇಲಾಗಿ ಅಪಾಯಕಾರಿ. ಅಂಕಿ ಕೆಟ್ಟದಾಗಿ ಕಂಡರೆ ಪ್ರಶ್ನಿಸುತ್ತಾರೆಂಬ ಭಯ ಅಳತೆಯನ್ನೇ ಕೆಡಿಸುತ್ತದೆ. ಆ ಐದು ಮಕ್ಕಳು ಯಾರು ಎಂಬುದು ಕೇಂದ್ರಕ್ಕೆ ಗೊತ್ತಿದ್ದರೆ ಸಾಕು. ಶೇಕಡಾವಾರು ತಾಲ್ಲೂಕಿಗೆ, ಜಿಲ್ಲೆಗೆ ಬೇಕಾದದ್ದು.

ಅತಿ ಕಡಿಮೆ ತೂಕದ ಹತ್ತು ಮಕ್ಕಳನ್ನು ಆರಿಸಿ ವಿಶೇಷ ಆಹಾರ ಕೊಟ್ಟೆವು. ಎಂಟು ಮಂದಿ ಸುಧಾರಿಸಿದರು. ಇದು ಆಹಾರದ ಫಲವಲ್ಲವೇ?

ಭಾಗಶಃ ಇರಬಹುದು. ಆದರೆ ಅತಿ ಕೆಳಗಿನವರನ್ನು ಆರಿಸುವಾಗ, ಆ ವಾರ ಜ್ವರ ಭೇದಿಯಿಂದ ತಾತ್ಕಾಲಿಕವಾಗಿ ಇಳಿದವರೂ, ಅಳತೆಯ ತಪ್ಪಿನಿಂದ ಕೆಳಗೆ ಬಂದವರೂ ಆ ಹತ್ತರಲ್ಲಿ ಸೇರಿರುತ್ತಾರೆ. ಏನೂ ಕೊಡದಿದ್ದರೂ ಮುಂದಿನ ಅಳತೆಯಲ್ಲಿ ಅವರಲ್ಲಿ ಹಲವರು ಮೇಲೆ ಬರುತ್ತಿದ್ದರು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಹಸಿದ ಮಗುವಿಗೆ ಆಹಾರ ನಿರಾಕರಿಸಿ ಹೋಲಿಕೆಯ ಗುಂಪು ಮಾಡುವಂತಿಲ್ಲ. ಆದರೆ ಆಯ್ಕೆಗೆ ಮೊದಲು ಎರಡು ಬಾರಿ ಅಳೆದು, ಒಂದರಿಂದ ಆಯ್ಕೆ ಮಾಡಿ, ಇನ್ನೊಂದನ್ನು ಆರಂಭದ ಅಳತೆಯಾಗಿ ಬಳಸಿದರೆ ಈ ಭ್ರಮೆಯ ಬಹುಭಾಗ ಹೋಗುತ್ತದೆ.

ಕರ್ನಾಟಕದ ಮಕ್ಕಳ ಸ್ಥಿತಿಯನ್ನು ಅಂಕಿಅಂಶಗಳು ಹೇಗೆ ತೋರಿಸುತ್ತವೆ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತು ನಡೆದದ್ದು 2015-16ರಲ್ಲಿ. ಅದರಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಶೇ. 36.2, ಕೃಶತೆ ಶೇ. 26.1, ಕಡಿಮೆ ತೂಕ ಶೇ. 35.2 ಇತ್ತು. ಐದನೇ ಸುತ್ತಿನಲ್ಲಿ ಇವು ಕ್ರಮವಾಗಿ 35.4, 19.5 ಮತ್ತು 32.9. ಕೃಶತೆಯ ಇಳಿಕೆಯನ್ನೇ ಎತ್ತಿ ತೋರಿಸುವುದು ಸುಲಭ. ಆದರೆ ಕೃಶತೆ ಹಂಗಾಮಿನೊಂದಿಗೆ ಏರಿಳಿಯುವಂಥದ್ದು. ಸಮೀಕ್ಷೆ ಯಾವ ತಿಂಗಳಲ್ಲಿ ನಡೆಯಿತು ಎಂಬುದೂ ಅದರ ಮೇಲೆ ಪ್ರಭಾವ ಬೀರಬಲ್ಲದು. ನಿಧಾನವಾಗಿ ಬದಲಾಗುವ ಕುಂಠಿತ ಬೆಳವಣಿಗೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ ಎಂಬುದು ಈ ಅಂಕಿಗಳ ಹೆಚ್ಚು ಗಂಭೀರ ಸಂದೇಶವೆಂದು ತೋರುತ್ತದೆ.

ಇನ್ನೊಂದು ಮಾತು. ಮೂರನೇ ಒಂದು ಭಾಗದಷ್ಟು ಮಕ್ಕಳು ಗೆರೆಯ ಕೆಳಗಿದ್ದಾರೆಂದರೆ ಉಳಿದವರು ಸುರಕ್ಷಿತರೆಂದಲ್ಲ. ಸರಾಸರಿ ಋಣ 1.5, ಹರಡಿಕೆ 1.2 ಇರುವ ಒಂದು ಗುಂಪನ್ನು ಊಹಿಸಿಕೊಂಡರೆ, ಋಣ 2ಕ್ಕಿಂತ ಕೆಳಗೆ ಸುಮಾರು ಶೇ. 34 ಬರುತ್ತಾರೆ, ಆದರೆ ಮಾನದಂಡದ ಮಧ್ಯಾಂಕಕ್ಕಿಂತ ಮೇಲಿರುವವರು ಅರ್ಧದಷ್ಟಿರಬೇಕಾದಲ್ಲಿ ಶೇ. 11ರಷ್ಟು ಮಾತ್ರ ಉಳಿಯುತ್ತಾರೆ. ಅಂಥ ಗುಂಪಿನಲ್ಲಿ ಗೆರೆಯ ಮೇಲಿರುವ ಮಕ್ಕಳೂ ತಮಗೆ ಸಾಧ್ಯವಿದ್ದಷ್ಟು ಬೆಳೆದಿರುವುದಿಲ್ಲ.

ರಕ್ತಹೀನತೆಯ ಅಂಕಿಗಳು ಒಂದು ವರದಿಯಿಂದ ಇನ್ನೊಂದಕ್ಕೆ ಇಷ್ಟು ಬದಲಾಗುವುದೇಕೆ?

ದೇಶದ ಮಟ್ಟದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತು 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 58ಕ್ಕಿಂತ ಹೆಚ್ಚು ರಕ್ತಹೀನತೆ ಕಂಡಿತು. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 1ರಿಂದ 4 ವರ್ಷದವರಲ್ಲಿ ಅದು ಸುಮಾರು ಶೇ. 41. ವಯಸ್ಸಿನ ಗುಂಪು ಬೇರೆ ಎಂಬುದು ಒಂದು ಕಾರಣ. ಮೊದಲನೆಯದರಲ್ಲಿ ಚುಚ್ಚಿ ತೆಗೆದ ಒಂದು ಹನಿ ರಕ್ತವನ್ನು ಸ್ಥಳದಲ್ಲೇ ಪರೀಕ್ಷಿಸಿದರೆ, ಎರಡನೆಯದರಲ್ಲಿ ರಕ್ತನಾಳದಿಂದ ತೆಗೆದದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು ಎಂಬುದು ಇನ್ನೊಂದು. ವಿಧಾನ ಬೇರೆಯಾದ ಎರಡು ಸಮೀಕ್ಷೆಗಳ ಅಂಕಿಗಳನ್ನು ಕಳೆದು ಏರಿಕೆ ಇಳಿಕೆ ಎನ್ನಬಾರದು.

ಮನೆಯಲ್ಲಿಯೇ ಅಳೆಯಬಹುದೇ?

ಎರಡು ವರ್ಷ ತುಂಬಿದ ಮಗುವಿನ ಎತ್ತರವನ್ನು ಅಳೆಯಬಹುದು. ಚಪ್ಪಲಿ ತೆಗೆದು, ಜುಟ್ಟು ಬಿಚ್ಚಿ, ಹಿಮ್ಮಡಿ, ಪೃಷ್ಠ, ಭುಜ, ತಲೆಯ ಹಿಂಭಾಗ ಗೋಡೆಗೆ ತಾಗುವಂತೆ ನಿಲ್ಲಿಸಿ, ದಪ್ಪ ರಟ್ಟಿನ ಪುಸ್ತಕವೊಂದನ್ನು ನೆತ್ತಿಯ ಮೇಲೆ ಗೋಡೆಗೆ ಮೂಲೆಮಟ್ಟವಾಗಿ ಒತ್ತಿ ಹಿಡಿದು ಗುರುತು ಹಾಕಿ, ಲೋಹದ ಟೇಪಿನಿಂದ ಅಳೆಯಿರಿ. ಬಟ್ಟೆಯ ಟೇಪು ಹಿಗ್ಗುತ್ತದೆ, ಬೇಡ. ಮಗುವನ್ನು ಪಕ್ಕಕ್ಕೆ ಕರೆದು ಮತ್ತೆ ನಿಲ್ಲಿಸಿ ಎರಡನೇ ಬಾರಿ ಅಳೆದು, ಎರಡರ ಸರಾಸರಿಯನ್ನು ದಿನಾಂಕದೊಂದಿಗೆ ಬರೆದಿಡಿ. ಎತ್ತರವನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ವಾರಕ್ಕೊಮ್ಮೆ ನೋಡಿದರೆ ಕಾಣುವುದು ಬೆಳವಣಿಗೆಗಿಂತ ಹೆಚ್ಚಾಗಿ ನಿಮ್ಮ ಕೈಯ ತಪ್ಪು.